ಸೊಂಟಕ್ಕೊಂದು ಒಳ್ಳೆ ಚಾಕು: ಕೊಡಗಿನ ಮಳೆಗೂ ತೋಟಕ್ಕೂ ತಾಳುವಂಥದ್ದನ್ನು ಆರಿಸುವುದು ಹೇಗೆ?

ಹೊರಾಂಗಣ ಚಾಕುಗಳ ಬಗ್ಗೆ ಸಿಗುವ ಸಲಹೆ ಬಹುಪಾಲು ಒಂದೇ ಚಾಕುವಿನಲ್ಲಿ ಎಲ್ಲ ಕೆಲಸ ಮುಗಿಸಬೇಕು ಅನ್ನುವವರಿಗಾಗಿ ಇರುವಂಥದ್ದು. ಅದಕ್ಕೇ ಏಳು ಇಂಚು ಉದ್ದ, ಆರು ಮಿಲಿಮೀಟರ್ ದಪ್ಪದ ಅಲಗುಗಳನ್ನು ಹೊಗಳುತ್ತಾರೆ. ಕೊಡಗಿನಲ್ಲಿ ಲೆಕ್ಕ ಬೇರೆ. ಇಲ್ಲಿ ಮನೆಯಲ್ಲಿ ಕತ್ತಿ ಆಗಲೇ ಇರುತ್ತದೆ. ಬೇಲಿ ಸವರುವುದು, ಬಾಳೆ ಕಡಿಯುವುದು, ಮರ ಕಪಾತು, ಬಿದಿರು ಕಡಿಯುವುದು, ಎಲ್ಲ ಅದರ ಪಾಲು. ಅಂಥಾ ಮನೆಗೆ ಇನ್ನೊಂದು ದಪ್ಪ, ಭಾರದ ಚಾಕು ತಂದರೆ ಏನಾಗುತ್ತದೆ? ಕಡಿಯುವುದಕ್ಕೆ ಕತ್ತಿಯಷ್ಟು ಚೆನ್ನಾಗಿಲ್ಲ, ಕುಯ್ಯುವುದಕ್ಕೆ ಅಡುಗೆ ಚಾಕುವಿನಷ್ಟೂ ಚೆನ್ನಾಗಿಲ್ಲ. ಸುಮ್ನೆ ಸೊಂಟಕ್ಕೆ ಭಾರ.

ಹಾಗಾಗಿ ನನ್ನ ಮಾತು ಇಷ್ಟೇ: ಕತ್ತಿ ಮಾಡುವ ಕೆಲಸವನ್ನು ಕತ್ತಿಗೇ ಬಿಡಿ, ಸಣ್ಣ, ತೆಳ್ಳಗಿನ ಚಾಕು ಕೊಳ್ಳಿ. ಮತ್ತೆ ಉಕ್ಕಿನ ಹೆಸರಿಗಿಂತ ಮೊದಲು ಹಿಡಿ ಮತ್ತು ಒರೆಯನ್ನು ನೋಡಿ, ಯಾಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಕು, ಕೈ, ಒರೆ ಮೂರೂ ಒದ್ದೆಯಾಗಿಯೇ ಇರುತ್ತವೆ.

ಇಲ್ಲಿ ಹೇಳುತ್ತಿರುವುದು ಮಡಚದ ಚಾಕುವಿನ ಬಗ್ಗೆ. ಮಡಚುವ ಚಾಕು ಜೇಬಿಗೆ ಚೆಂದ, ಆದರೆ ಅದರ ಕೀಲಿನ ಸಂದಿಗೆ ಕೆಸರು, ಕಾಫಿ ಹಣ್ಣಿನ ಅಂಟು, ಮೀನಿನ ಹುರುಪೆ ಸೇರಿಕೊಂಡರೆ ತೊಳೆದು ಒಣಗಿಸುವಷ್ಟರಲ್ಲಿ ಸಾಕು ಸಾಕಾಗುತ್ತದೆ.

ಹಂತ 1: ಚಾಕುವಿಗೆ ಏನು ಕೆಲಸ ಅಂತ ಬರೆದುಕೊಳ್ಳಿ

ನಿಜವಾಗಿ ಬರೆಯಿರಿ, ಒಂದು ಚೀಟಿಯಲ್ಲಿ. ತೋಟದಲ್ಲಿ ನೈಲಾನ್ ಹಗ್ಗ, ತೆಂಗಿನ ನಾರಿನ ಹಗ್ಗ, ಗೋಣಿ ಬಾಯಿಯ ದಾರ, ನೀರಿನ ಪೈಪು ಕುಯ್ಯುವುದು. ಮೆಣಸಿನ ಬಳ್ಳಿ ಕಟ್ಟುವಾಗ ದಾರ ಕತ್ತರಿಸುವುದು. ಬೆಟ್ಟಕ್ಕೆ ಹೋದರೆ ಒದ್ದೆ ಕೊಂಬೆಯ ಸಿಪ್ಪೆ ಕೆರೆದು ಒಳಗಿನ ಒಣ ಕಟ್ಟಿಗೆಯನ್ನು ಸಣ್ಣಗೆ ಸೀಳಿ ಬೆಂಕಿ ಹಚ್ಚುವುದು. ಈರುಳ್ಳಿ, ಮಾಂಸ, ಮೀನು. ಬಹುತೇಕರ ಪಟ್ಟಿ ಇಷ್ಟರಲ್ಲೇ ಮುಗಿಯುತ್ತದೆ. ಇದರಲ್ಲಿ ಒಂದಕ್ಕೂ ಏಳು ಇಂಚು ಬೇಡ, ಅಲ್ವಾ?

ಕಸಿ ಕಟ್ಟುವ ಕೆಲಸ ಇದ್ದರೆ ಅದಕ್ಕೆ ಬೇರೆ ಚಾಕುವೇ ಇರಲಿ. ಹಗ್ಗ ಕುಯ್ದ, ಮೀನು ಬಿಡಿಸಿದ ಅಲಗನ್ನು ಗಿಡದ ಹಸಿ ಗಾಯಕ್ಕೆ ತಾಗಿಸಬೇಡಿ.

ಹಂತ 2: ಅಳತೆ, ಜೊತೆಗೆ ಕಾನೂನು

ಅಲಗು ಮೂರೂವರೆಯಿಂದ ನಾಲ್ಕೂವರೆ ಇಂಚು ಇದ್ದರೆ ಸಾಕು, ಅಂದರೆ 9ರಿಂದ 11 ಸೆಂಟಿಮೀಟರ್. ಬೆನ್ನಿನ ದಪ್ಪ 2.5ರಿಂದ 3.5 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ದಾಟಿದರೆ ಗೆಣಸನ್ನು ಕುಯ್ಯುವುದಿಲ್ಲ, ಸೀಳುತ್ತದೆ. ತುದಿ ಬೆನ್ನಿನ ಗೆರೆಯಿಂದ ಸ್ವಲ್ಪ ಕೆಳಕ್ಕೆ ಇಳಿದಿರಲಿ. ಡ್ರಾಪ್ ಪಾಯಿಂಟ್ ಅನ್ನುವುದು ಇದನ್ನೇ. ತುದಿ ಗಟ್ಟಿಯಾಗಿರುತ್ತದೆ, ಹಿಡಿತಕ್ಕೂ ಸಿಗುತ್ತದೆ. ಬೆನ್ನಿನ ಮೇಲೆ ಗರಗಸದ ಹಲ್ಲು ಇರುವುದನ್ನು ಕೊಳ್ಳಲೇಬೇಡಿ. ಆ ಹಲ್ಲು ಮರ ಕುಯ್ಯುವುದಿಲ್ಲ. ಕಟ್ಟಿಗೆ ಸೀಳಲು ಬೆನ್ನಿಗೆ ಕೋಲಿನಿಂದ ಬಡಿದರೆ ಕೋಲನ್ನು ಮಾತ್ರ ತಿನ್ನುತ್ತದೆ.

ಕಾನೂನಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆ, ಕೃಷಿ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವು ಅದರಲ್ಲಿ ಬರುವುದಿಲ್ಲ. ನಾವು ಹೇಳುತ್ತಿರುವ ಚಾಕು ಈ ಅಳತೆಯ ಹತ್ತಿರಕ್ಕೂ ಹೋಗುವುದಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಆ ವಿನಾಯಿತಿಯನ್ನು ನಂಬಿಕೊಂಡು ಅಭಯಾರಣ್ಯದ ಗೇಟಿನ ಒಳಗೆ ಚಾಕು ಕೊಂಡುಹೋಗಬೇಡಿ. ಅಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ಆಯುಧ ಅಂದರೆ ಏನೇನು ಅನ್ನುವ ಪಟ್ಟಿಯಲ್ಲಿ ಚಾಕು ಕೂಡ ಇದೆ, ಅಳತೆಯ ಮಾತೇ ಇಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿಗಾಗಲಿ ನಾಗರಹೊಳೆಗಾಗಲಿ ಲಿಖಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಚಾರಣಕ್ಕೆ ಹೋಗುವವರು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. ಕಣ್ಣೂರಿನಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತುವುದಿದ್ದರೆ ಚಾಕು ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ಹಂತ 3: ಹಿಡಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಅಂಗಡಿಯವರು ಒಂಥರಾ ನೋಡಬಹುದು, ನೋಡಲಿ. ಮಾಮೂಲಿ ಹಿಡಿತ, ಹೆಬ್ಬೆರಳನ್ನು ಬೆನ್ನಿನ ಮೇಲಿಟ್ಟ ಹಿಡಿತ, ಅಲಗನ್ನು ಎದೆಯ ಕಡೆ ತಿರುಗಿಸಿ ಸಿಪ್ಪೆ ತೆಗೆಯುವ ಹಿಡಿತ, ಮೂರರಲ್ಲೂ ಬಿಗಿಯಾಗಿ ಅದುಮಿ. ಅಂಗೈಗೆ ಎಲ್ಲಾದರೂ ಚುಚ್ಚುತ್ತಿದೆಯಾ? ಆ ಜಾಗದಲ್ಲೇ ಅರ್ಧ ಗಂಟೆ ಕೆಲಸವಾದ ಮೇಲೆ ಬೊಬ್ಬೆ ಏಳುವುದು. ಬೆರಳುಗಳ ಅಚ್ಚಿನಂತೆ ನಾಲ್ಕು ಹಳ್ಳ ಇರುವ ಹಿಡಿ ನೋಡಲು ಚೆಂದ, ಆದರೆ ನಿಮ್ಮ ಬೆರಳು ಆ ಅಳತೆಗೆ ಇರಬೇಕಲ್ಲ, ಹಿಡಿತ ಬದಲಿಸಿದರೆ ಆ ದಿಬ್ಬಗಳೇ ಒತ್ತುತ್ತವೆ.

ಹಿಡಿಯ ಅಡ್ಡ ಆಕಾರ ಮೊಟ್ಟೆಯಂತೆ ಇರಬೇಕು, ಪೂರ್ತಿ ದುಂಡಗೆ ಅಲ್ಲ. ಮೊಟ್ಟೆಯಾಕಾರ ಇದ್ದರೆ ಕತ್ತಲಲ್ಲೂ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗುತ್ತದೆ, ಒದ್ದೆ ಕೈಯಲ್ಲಿ ತಿರುಗಿಕೊಳ್ಳುವುದಿಲ್ಲ. ಅಲಗು ಶುರುವಾಗುವ ಕಡೆ ತೋರುಬೆರಳು ಮುಂದಕ್ಕೆ ಜಾರದಂತೆ ಒಂದು ತಡೆ ಇರಲಿ. ದೊಡ್ಡ ಲೋಹದ ಅಡ್ಡಪಟ್ಟಿ ಬೇಕಿಲ್ಲ, ಸಣ್ಣ ಉಬ್ಬು ಸಾಕು. ಮೀನಿನ ಲೋಳೆ ಹತ್ತಿದ ಕೈಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಯಾವ ವಸ್ತು? ಮಳೆಗೆ ಮೈಕಾರ್ಟಾ ಒಳ್ಳೆಯದು. ಬಟ್ಟೆಯನ್ನು ರಾಳದಲ್ಲಿ ಅದ್ದಿ ಒತ್ತಿ ಗಟ್ಟಿ ಮಾಡಿದ್ದು ಅದು. ನುಣ್ಣಗೆ ಪಾಲಿಶ್ ಮಾಡದೆ ಬಿಟ್ಟರೆ ಒದ್ದೆಯಾದಾಗಲೂ ಹಿಡಿತ ಕೊಡುತ್ತದೆ. ಜಿ10 ಅದರ ಗಾಜಿನ ನಾರಿನ ತಮ್ಮ, ಇನ್ನೂ ಗಟ್ಟಿ. ಮೆತ್ತನೆ ರಬ್ಬರಿನಂಥ ಹಿಡಿ ಕಡಿಮೆ ಬೆಲೆಗೆ ಸಿಗುತ್ತದೆ, ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಕಳಪೆ ಮಾಲಾದರೆ ಕೆಲವು ವರ್ಷಕ್ಕೆ ಅಂಟಂಟಾಗುತ್ತದೆ. ಮರದ ಹಿಡಿ ಬೇಕೇ ಬೇಕು ಅನ್ನುವವರಿಗೂ ನಾನು ಬೇಡ ಅನ್ನುವುದಿಲ್ಲ, ಕೈಗೆ ಅದರಷ್ಟು ಹಿತ ಬೇರೆ ಇಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದು ಮರದ ಗುಣ, ಹಾಗಾಗಿ ಎಣ್ಣೆ ಕುಡಿಸುತ್ತಿರಬೇಕು. ಉಕ್ಕಿಗೂ ಹಿಡಿಗೂ ನಡುವೆ ಉಗುರು ಓಡಿಸಿ ನೋಡಿ. ಸಂದಿ ಸಿಕ್ಕಿದರೆ ನೀರು ಒಳಗೆ ಹೋಗುವ ದಾರಿ ಅದೇ.

ಜಿಂಕೆ ಕೊಂಬಿನ ಹಿಡಿ ಅಂತ ಯಾರಾದರೂ ತೋರಿಸಿದರೆ ಮುಟ್ಟಬೇಡಿ. ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರ ಅಪರಾಧ, ಹಳೆಯದು ಅಂದರೂ ಬಿಡುವುದಿಲ್ಲ.

ಹಂತ 4: ಹಿಡಿಯೊಳಗೆ ಏನಿದೆ?

ಅಲಗಿನ ಉಕ್ಕು ಹಿಡಿಯೊಳಕ್ಕೆ ಹೋಗುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯ ಉದ್ದಗಲಕ್ಕೂ ಉಕ್ಕು ಇದ್ದರೆ ಫುಲ್ ಟ್ಯಾಂಗ್. ಬೆನ್ನಿನ ಕಡೆಯಿಂದ ನೋಡಿದರೆ ಹಿಡಿಯ ಎರಡು ಮಗ್ಗುಲ ಪಟ್ಟಿಗಳ ನಡುವೆ ಉಕ್ಕಿನ ಗೆರೆ ಕೊನೆವರೆಗೂ ಕಾಣುತ್ತದೆ. ಅನುಮಾನವೇ ಬೇಡ, ಗಟ್ಟಿ.

ಹಾಗಂತ ಉಳಿದದ್ದೆಲ್ಲ ಕಳಪೆ ಅಂತಲ್ಲ. ಸ್ವೀಡನ್ನಿನ ಮೋರಾ ಊರಿನ ಚಾಕುಗಳಲ್ಲಿ ಕಂಪ್ಯಾನಿಯನ್ ಅನ್ನುವ ಮಾದರಿಯ ಟ್ಯಾಂಗ್ ಹಿಡಿಯ ಕೊನೆವರೆಗೆ ಹೋಗುವುದಿಲ್ಲ. ಅಲಗು ಸುಮಾರು 10 ಸೆಂಟಿಮೀಟರ್, ದಪ್ಪ ಬರೀ 2.5 ಮಿಲಿಮೀಟರ್. ಆದರೂ ಲೋಕವೆಲ್ಲ ಅದನ್ನು ದುಡಿಸಿಕೊಳ್ಳುತ್ತಿದೆ. ಅದೇ ಕಂಪನಿಯ ಗಾರ್ಬರ್ಗ್ ಫುಲ್ ಟ್ಯಾಂಗ್, 3.2 ಮಿಲಿಮೀಟರ್. ಬೆಲೆ ಜಾಸ್ತಿ. ಬಡಿದು ಸೌದೆ ಸೀಳುವ ಕೆಲಸವನ್ನು ಕತ್ತಿಗೆ ಬಿಟ್ಟಿದ್ದೀರಿ ಅಂದರೆ ಕಂಪ್ಯಾನಿಯನ್ನಿನಂಥದ್ದೇ ಧಾರಾಳ.

ಇನ್ನೊಂದು ಬಗೆ, ಸಣ್ಣ ಬಾಲದಂಥ ಟ್ಯಾಂಗ್ ಹಿಡಿಯ ಮಧ್ಯದಲ್ಲಿ ತೂರಿ ಆ ಕೊನೆಯಲ್ಲಿ ಬಡಿದು ಮಡಿಸಿರುವುದು. ನಮ್ಮ ಆಚಾರಿಗಳು (ಕಮ್ಮಾರರು) ಎಷ್ಟೋ ಕತ್ತಿಗಳನ್ನು ಹೀಗೇ ಕೂರಿಸುತ್ತಾರೆ. ಬಾಲ ಅಲಗಿನ ಉಕ್ಕಿನದೇ ಆಗಿ, ಅಲಗಿಗೆ ಸೇರುವ ಕಡೆ ಮೂಲೆಗಳು ದುಂಡಗಿದ್ದರೆ ಬಾಳುತ್ತದೆ. ಆ ಮೂಲೆ ಚೂಪಾಗಿ ಕೊರೆದಿದ್ದರೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ತಿರಸ್ಕರಿಸಬೇಕಾದದ್ದು ಎರಡು: ಒಳಗೆ ಪೊಳ್ಳಾಗಿದ್ದು ಬೆಂಕಿಕಡ್ಡಿ, ಗಾಳ ಇಡಲು ಡಬ್ಬಿ ಇರುವ ಸಿನಿಮಾ ಚಾಕು, ಮತ್ತೆ ಮೋಟು ಅಲಗಿಗೆ ಬೋಲ್ಟ್ ಸರಳು ಬೆಸುಗೆ ಹಾಕಿ ಹಿಡಿಗೆ ತಿರುಗಿಸಿದ್ದು. ಎರಡನೆಯದು ಹೊರಗಿನಿಂದ ಕಾಣುವುದಿಲ್ಲ. ಹಿಡಿಯ ಹಿಂದೆ ನಟ್ ಇದ್ದರೆ ಕೇಳಿ. ಕೈಯಲ್ಲಿ ಹಿಡಿದು ಬೆನ್ನನ್ನು ಮರದ ಮೇಲೆ ತಟ್ಟಿ, ಟಕ್ ಅನ್ನಬೇಕು. ಸಣ್ಣ ಕಿಣಿಕಿಣಿ ಕೇಳಿದರೆ ಒಳಗೆ ಏನೋ ಸಡಿಲ ಇದೆ.

ಹಂತ 5: ಉಕ್ಕು

ಎರಡೇ ಪಂಗಡ ಅಂದುಕೊಳ್ಳಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಏಟಿಗೆ ತಡೆಯುತ್ತದೆ, ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಸುಮಾರು 10.5 ಶೇಕಡಕ್ಕಿಂತ ಹೆಚ್ಚಿರುತ್ತದೆ, ಅದರಿಂದ ತುಕ್ಕು ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಒದ್ದೆ ಒರೆಯಲ್ಲಿ ಬಿಟ್ಟರೆ ಸ್ಟೇನ್‌ಲೆಸ್‌ಗೂ ಚುಕ್ಕೆ ಬೀಳುತ್ತದೆ.

ಕಾರ್ಬನ್‌ನಲ್ಲಿ 1095 ಅನ್ನುವ ನಂಬರಿನ ಉಕ್ಕು ಅಂದರೆ ಸುಮಾರು 0.95 ಶೇಕಡ ಇಂಗಾಲ. 5160 ವಾಹನಗಳ ಲೀಫ್ ಸ್ಪ್ರಿಂಗಿನ ಜಾತಿಯದು, ಗಟ್ಟಿಗ. 52100 ಬೇರಿಂಗಿನ ಉಕ್ಕು, ನಮ್ಮಲ್ಲಿ ಇಎನ್31 ಅನ್ನುವ ಹೆಸರಲ್ಲಿ ಸಿಗುವುದು ಅದೇ ಬಗೆಯದು. ಸ್ಟೇನ್‌ಲೆಸ್‌ನಲ್ಲಿ 12ಸಿ27, 14ಸಿ28ಎನ್, 440ಸಿ, ಏಯುಎಸ್-8 ಎಲ್ಲ ನಂಬಬಹುದಾದವು. ಡಿ2 ಅನ್ನು ಸ್ಟೇನ್‌ಲೆಸ್ ಅಂತ ಮಾರುವವರಿದ್ದಾರೆ. ಅದರಲ್ಲಿ ಕ್ರೋಮಿಯಂ 12 ಶೇಕಡದಷ್ಟು ಇದ್ದರೂ ಬಹಳಷ್ಟು ಇಂಗಾಲದ ಜೊತೆ ಕಟ್ಟಿಕೊಂಡಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಬಾಯಿ ಬಹಳ ದಿನ ನಿಲ್ಲುತ್ತದೆ, ಆದರೆ ಮಸೆಯುವಾಗ ತೋಳು ನೋಯುತ್ತದೆ.

ಬರೀ ‘ಸರ್ಜಿಕಲ್ ಸ್ಟೀಲ್’, ‘ಜಪಾನೀಸ್ ಸ್ಟೀಲ್’ ಅಂತ ಬರೆದಿದ್ದರೆ ಏನೂ ಹೇಳಿದಂತಾಗಲಿಲ್ಲ. ನಂಬರ್ ಕೇಳಿ. ನಂಬರ್ ಇಲ್ಲ ಅಂದರೆ ಮುಂದಿನ ಚಾಕು ನೋಡಿ. ಅಲೆಅಲೆಯ ಡಮಾಸ್ಕಸ್ ಚಿತ್ತಾರ ಇದ್ದರೆ ಬೆನ್ನಿನ ಮೇಲೆ ಕಣ್ಣು ಹಾಯಿಸಿ. ನಿಜವಾಗಿ ಪದರ ಪದರ ಬಡಿದಿದ್ದಾದರೆ ಗೆರೆ ಬೆನ್ನನ್ನೂ ದಾಟಿ ಆ ಕಡೆಗೆ ಹೋಗಿರುತ್ತದೆ. ಎರಡು ಮಗ್ಗುಲಲ್ಲಿ ಮಾತ್ರ ಇದ್ದರೆ ಮೇಲೆ ಬರೆದದ್ದು.

ಯಾವುದು ತೆಗೆದುಕೊಳ್ಳಬೇಕು? ಭಾಗಮಂಡಲ, ಮಡಿಕೇರಿ, ಗಾಳಿಬೀಡು ಕಡೆಯವರಿಗೆ, ಅದರಲ್ಲೂ ಚಾಕುವನ್ನು ಒರೆಸಿಡುವ ಅಭ್ಯಾಸ ಇಲ್ಲದವರಿಗೆ, ಸ್ಟೇನ್‌ಲೆಸ್. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ. ಅಷ್ಟು ತೇವದ ಜೊತೆ ಹಟ ಯಾಕೆ? ಕುಶಾಲನಗರದಂಥ ಒಣ ಕಡೆಯವರು, ಇಲ್ಲವೇ ದಿನಾ ಎಣ್ಣೆ ಬಟ್ಟೆ ಹಿಡಿಯುವ ಶಿಸ್ತಿನವರು ಕಾರ್ಬನ್ ತೆಗೆದುಕೊಂಡು ಖುಷಿಪಡಬಹುದು. ಕಾರ್ಬನ್ ಉಕ್ಕಿಗೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ), ನಿಂಬೆ, ಕಿತ್ತಳೆ ರಸ ತಾಗಿದರೆ ಕಪ್ಪು-ಬೂದು ಬಣ್ಣ ಬರುತ್ತದೆ. ಅದಕ್ಕೆ ಹೆದರಬೇಡಿ, ಆ ಪೊರೆ ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಕೆಂಪು ಪುಡಿ ಕಂಡರೆ ಮಾತ್ರ ತಕ್ಷಣ ಉಜ್ಜಿ ತೆಗೆಯಿರಿ.

ಹಂತ 6: ಹದ ಸರಿ ಇದೆಯಾ?

ಹದ ಅಂದರೆ ಉಕ್ಕನ್ನು ಕಾಯಿಸಿ, ಅದ್ದಿ ಬೇಕಾದಷ್ಟು ಗಡಸು ಮಾಡುವುದು. ಒಳ್ಳೆ ಉಕ್ಕಿಗೆ ಕೆಟ್ಟ ಹದ ಕೊಟ್ಟರೆ ಕೆಟ್ಟ ಚಾಕು. ಸಾಧಾರಣ ಉಕ್ಕಿಗೆ ಒಳ್ಳೆ ಹದ ಕೊಟ್ಟರೆ ಒಳ್ಳೆ ಚಾಕು. ಕಂಪನಿಯದ್ದಾದರೆ ರಾಕ್‌ವೆಲ್ ಮಾಪಕದಲ್ಲಿ ಗಡಸುತನದ ಅಂಕಿ ಕೊಟ್ಟಿರುತ್ತಾರೆ. ಹೊರಗಿನ ಕೆಲಸಕ್ಕೆ 56ರಿಂದ 60 ಸರಿ. 54ರ ಕೆಳಗಾದರೆ ಬಾಯಿ ಬೇಗ ಮಡಚಿಕೊಳ್ಳುತ್ತದೆ, 61-62 ದಾಟಿದರೆ ಏಟಿಗೆ ಚೂರು ಏಳುವ ಭಯ.

ನಂಬರ್ ಇಲ್ಲದಾಗ ಕೈಯಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಒಂದು ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಇಟ್ಟು ಮೆಲ್ಲಗೆ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಬಾಯಿ ಕೂದಲಿನಷ್ಟು ಬಾಗಿ ತಿರುಗಿ ನೆಟ್ಟಗಾದರೆ ಹದ ಸರಿ. ಬಾಗಿದ್ದು ಹಾಗೇ ನಿಂತರೆ ಮೆದು. ಚೂರು ಎದ್ದರೆ ಗಡಸು ಜಾಸ್ತಿ. ಕೊಳ್ಳುವ ಮೊದಲು ಮಾಡುವುದಾದರೆ ಮಾಲೀಕರನ್ನು ಕೇಳಿಯೇ ಮಾಡಿ. ಮತ್ತೆ, ಬಾಯಿಯ ಅಂಚಿನಲ್ಲಿ ನೀಲಿ ಕಲೆ ಕಂಡರೆ ಬಿಟ್ಟುಬಿಡಿ. ಸಾಣೆ ಚಕ್ರದಲ್ಲಿ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ, ಆ ಜಾಗದ ಹದ ಹೋಗಿದೆ ಅಂತ ಅರ್ಥ.

ಹಂತ 7: ಅಲಗನ್ನು ಕಣ್ಣಿನ ನೇರಕ್ಕೆ ಹಿಡಿಯಿರಿ

ಹಿಡಿಯ ಕಡೆಯಿಂದ ತುದಿಯತ್ತ ಒಂದು ಕಣ್ಣು ಮುಚ್ಚಿ ನೋಡಿ. ಬಾಯಿ ನೇರ ಗೆರೆಯಾಗಿರಬೇಕು, ತುದಿ ನಡುವೆ ಬರಬೇಕು. ಎರಡು ಮಗ್ಗುಲಿನ ಇಳಿಜಾರು ಒಂದೇ ಎತ್ತರದಲ್ಲಿ ಶುರುವಾಗಿರಬೇಕು. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಇದ್ದರೆ ಕುಯ್ಯುವಾಗ ಅಲಗು ಒಂದು ಕಡೆಗೆ ಎಳೆಯುತ್ತದೆ. ಕೆಲಸಗಾರನ ಶ್ರದ್ಧೆ ಎಷ್ಟು ಅಂತ ಹೇಳುವ ಜಾಗ ಇದು.

ಇಳಿಜಾರಿನ ಬಗೆಯಲ್ಲಿ ಎರಡು ಗೊತ್ತಿದ್ದರೆ ಸಾಕು. ಸ್ಕ್ಯಾಂಡಿ ಅಂದರೆ ಅಲಗಿನ ಕೆಳಭಾಗದಲ್ಲಿ ಒಂದೇ ಅಗಲ ಇಳಿಜಾರು, ಅದೇ ಬಾಯಿ. ಮರ ಕೆತ್ತಲು ಚೆನ್ನ. ಮಸೆಯುವಾಗ ಆ ಇಳಿಜಾರನ್ನೇ ಕಲ್ಲಿಗೆ ಚಪ್ಪಟೆಯಾಗಿ ಇಟ್ಟರಾಯಿತು, ಕಲಿಯುವವರಿಗೆ ಸುಲಭ. ಫ್ಲಾಟ್ ಅಂದರೆ ಬೆನ್ನಿನಿಂದಲೇ ತೆಳ್ಳಗಾಗುತ್ತಾ ಬರುವುದು, ತರಕಾರಿ ಮಾಂಸಕ್ಕೆ ಅದೇ ಮೇಲು. ಕಟ್ಟಿಗೆ ಕೆಲಸ ಜಾಸ್ತಿ ಇದ್ದವರು ಮೊದಲನೆಯದು, ಅಡುಗೆ ಜಾಸ್ತಿ ಇದ್ದವರು ಎರಡನೆಯದು. ನಾನಾದರೆ ಎರಡನೆಯದು.

ಹಂತ 8: ಒರೆ

ಚರ್ಮದ ಒರೆ ಬೆಂಗಳೂರಿನಲ್ಲಿ ಚೆಂದ. ಇಲ್ಲಿ ಜುಲೈ ತಿಂಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಒದ್ದೆ ಚರ್ಮಕ್ಕೆ ಅಂಟಿಕೊಂಡ ಅಲಗು ತುಕ್ಕು ಹಿಡಿಯುತ್ತದೆ, ಚರ್ಮ ಹದ ಮಾಡಲು ಬಳಸಿದ ಟ್ಯಾನಿನ್‌ ಸಹ ಅದಕ್ಕೆ ಸೇರಿಕೊಳ್ಳುತ್ತದೆ. ಮಳೆಗಾಲಕ್ಕೆ ಮಾಮೂಲಿ ಪ್ಲಾಸ್ಟಿಕ್ ಅಥವಾ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಒರೆ ಇರಲಿ. ಕೆಳಗೆ ನೀರು ಬಸಿಯಲು ತೂತು ಇದೆಯಾ ನೋಡಿ. ಕೊಡವರ ಅಗಲ ಕತ್ತಿಯಾದ ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ಕೊಂಡಿ, ತೊಡಂಗ್, ನೋಡಿದ್ದೀರಲ್ಲ, ಅಲಗು ಪೂರ್ತಿ ಬಯಲಲ್ಲಿ ಇರುತ್ತದೆ, ನೀರು ನಿಲ್ಲುವ ಮಾತೇ ಇಲ್ಲ. ಆದರೆ ಸೊಂಟದ ಪಕ್ಕದಲ್ಲಿ ಸಣ್ಣ ಚಾಕುವನ್ನು ಹಾಗೆ ಬಿಡಲಾಗುವುದಿಲ್ಲ, ಹಾಗಾಗಿ ತೂತು ಬೇಕು.

ಚಾಕು ಹಾಕಿ ಒರೆಯನ್ನು ತಲೆಕೆಳಗು ಮಾಡಿ, ಹಾಸಿಗೆಯ ಮೇಲೆ ಜೋರಾಗಿ ಅಲ್ಲಾಡಿಸಿ. ಬೀಳಬಾರದು. ಆಮೇಲೆ ಒಂದೇ ಕೈಯಲ್ಲಿ ಹೆಬ್ಬೆರಳಿಂದ ಒತ್ತಿ ತೆಗೆಯಲು ಬರಬೇಕು. ಎರಡೂ ಬೇಕು. ಬೆಲ್ಟಿನ ಕುಣಿಕೆ ಬರೀ ಕ್ಲಿಪ್ ಆಗಿದ್ದರೆ ಕಾಫಿ ಗಿಡಗಳ ಸಾಲಿನಲ್ಲಿ ನುಗ್ಗುವಾಗ ರೆಂಬೆಗೆ ಸಿಕ್ಕಿ ಕಿತ್ತುಕೊಳ್ಳುತ್ತದೆ. ಸುತ್ತಲೂ ಮುಚ್ಚಿದ ಕುಣಿಕೆ ಇರಲಿ.

ಹಂತ 9: ಎಲ್ಲಿ ಕೊಳ್ಳುವುದು

ಕುಲುಮೆ ಇರುವ ಆಚಾರಿಯ ಹತ್ತಿರ ಮಾಡಿಸುವುದು ಒಳ್ಳೆ ದಾರಿ, ಆದರೆ ಏನು ಬೇಕು ಅಂತ ಸರಿಯಾಗಿ ಹೇಳಬೇಕು. ಸುಮ್ನೆ ‘ಒಂದು ಚಾಕು’ ಅಂದರೆ ಅವರು ಸಣ್ಣ ಕತ್ತಿ ಮಾಡಿಕೊಡುತ್ತಾರೆ. ರಟ್ಟಿನಲ್ಲಿ ಆಕಾರ ಕತ್ತರಿಸಿ ಒಯ್ಯಿರಿ. ಹೀಗೆ ಹೇಳಿ: “ಆಚಾರ್ರೇ, ಬೆನ್ನು ಮೂರು ಮಿಲಿಮೀಟರಿಗಿಂತ ದಪ್ಪ ಬೇಡ. ಬಾಯಿ ತೆಳ್ಳಗೆ ಇಳಿಸಿಕೊಡಿ. ಬೆನ್ನಿನ ಅಂಚು ಚೂಪಾಗಿಯೇ ಇರಲಿ, ದುಂಡಗೆ ಮಾಡ್ಬೇಡಿ.” ಬೆನ್ನಿನ ಚೂಪು ಅಂಚು ಸಿಪ್ಪೆ ಕೆರೆಯಲು, ಕಿಡಿ ಕಡ್ಡಿ (ಗೀರಿದರೆ ಕಿಡಿ ಹಾರುವ ಲೋಹದ ಕಡ್ಡಿ) ಗೀರಲು ಬೇಕಾಗುತ್ತದೆ. ಜೀಪಿನ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆ ಚಾಕು ಆಗುತ್ತದೆ, ಆದರೆ ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹೊಸ ಪಟ್ಟಿಯ ತುಂಡು ಸಿಕ್ಕರೆ ಅದೇ ಕೊಡಿ. ನೀರಿಗೆ ಅದ್ದುವ ಬದಲು ಎಣ್ಣೆಗೆ ಅದ್ದುತ್ತಾರಾ, ಅದ್ದಿದ ಮೇಲೆ ತಿರುಗಿ ಹದವಾಗಿ ಕಾಯಿಸುತ್ತಾರಾ ಅಂತ ಕೇಳಿ. ಸ್ಪ್ರಿಂಗ್ ಉಕ್ಕು ನೀರಿಗೆ ಅದ್ದಿದರೆ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಹೊಸ ಹರಿತ ಕೊಡಿಸಲು ಪ್ರತಿ ವರ್ಷ ಅದೇ ಆಚಾರಿಯ ಹತ್ತಿರ ಹೋಗಬಹುದು, ಅದು ಆನ್‌ಲೈನ್‌ನಲ್ಲಿ ಸಿಗದ ಲಾಭ.

ಆನ್‌ಲೈನ್ ಆದರೆ ದೊಡ್ಡ ಹೆಸರಿನ ಚಾಕು ಅರ್ಧ ಬೆಲೆಗೆ ಸಿಕ್ಕಿತು ಅಂದರೆ ನಕಲಿ ಅಂತಲೇ ಲೆಕ್ಕ. ಪೊಟ್ಟಣ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಬಿಚ್ಚಿದ ಕೂಡಲೇ ಹಂತ 3, 4, 7 ಮತ್ತೆ ನೋಡಿ, ವಾಪಸ್ ಕಳಿಸುವ ದಿನ ಮುಗಿಯುವ ಮೊದಲೇ.

ಹಂತ 10: ಮೊದಲ ವಾರ

ಮೆತ್ತಗಿನ ಒಣ ಕಡ್ಡಿಯನ್ನು ಹಕ್ಕಿಯ ಗರಿಯಂತೆ ತೆಳ್ಳನೆ ಸುರುಳಿ ಏಳುವ ಹಾಗೆ ಕೆತ್ತಿ. ತೆಂಗಿನ ಹಗ್ಗವನ್ನು ಇಪ್ಪತ್ತು ಮೂವತ್ತು ಸಲ ಕುಯ್ಯಿರಿ. ಆಮೇಲೆ ಪೇಪರ್ ಕತ್ತರಿಸಿ ನೋಡಿ. ಎಳೆದು ಹರಿದರೆ ಕಾರ್ಖಾನೆಯ ಬಾಯಿ ಹೋಗಿದೆ, ಒಮ್ಮೆ ಮಸೆದು ಮತ್ತೆ ನೋಡಿ. ಕಾರ್ಖಾನೆಯಲ್ಲಿ ಸಾಣೆ ಹಿಡಿಯುವಾಗ ಅಂಚು ಸ್ವಲ್ಪ ಕಾದಿರುವುದುಂಟು, ಆ ಪದರ ಹೋದ ಮೇಲೆ ಎಷ್ಟೋ ಚಾಕು ಸುಧಾರಿಸುತ್ತವೆ. ಎರಡು ಸಲ ಮಸೆದರೂ ನಿಲ್ಲದಿದ್ದರೆ ಹದದ್ದೇ ದೋಷ.

ಮಸೆಯಲು 400 ಮತ್ತು 1000 ಗ್ರಿಟ್ (ನಂಬರ್ ಹೆಚ್ಚಿದಷ್ಟೂ ಕಲ್ಲು ನುಣ್ಣಗೆ) ಎರಡು ಬದಿ ಇರುವ ಒಂದು ಕಲ್ಲು ಸಾಕು. ಪ್ರತಿ ಮಗ್ಗುಲಿಗೆ ಸುಮಾರು 20 ಡಿಗ್ರಿ, ನೀರು ಹಾಕಿಕೊಂಡು. ಬೀದಿಯಲ್ಲಿ ಬರುವ ಒಣ ಚಕ್ರದ ಸಾಣೆಗೆ ಕೊಡಬೇಡಿ, ಕಿಡಿ ಹಾರಿದಷ್ಟೂ ಅಂಚು ಕಾಯುತ್ತದೆ, ಮೇಲೆ ಹೇಳಿದ ನೀಲಿ ಕಲೆ ಹಾಗೇ ಬರುವುದು. ಕೆಲಸ ಮುಗಿದ ಮೇಲೆ ಒರೆಸಿ, ಅಡುಗೆಗೂ ಬಳಸುವ ಚಾಕುವಾದರೆ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ. ಮಡಿಕೇರಿಯ ಚಳಿಯಲ್ಲಿ ಅದು ಗಟ್ಟಿಯಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಹರಡುತ್ತದೆ. ಬಹಳ ದಿನ ಬಳಸದೆ ಇಡುವುದಾದರೆ ಒರೆಯಿಂದ ತೆಗೆದು ಕಾಗದದಲ್ಲಿ ಸುತ್ತಿ, ಒಲೆ ಇರುವ ಕೋಣೆಯ ಎತ್ತರದ ಹಲಗೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.